ಮುಕ್ತ ತಂತ್ರಾಂಶಕ್ಕೆ ಡಾಕ್ಯುಮೆಂಟೇಶನ್ ಬರೆಯಲು ಯಾವ ಯೋಜನೆಯನ್ನು ಆರಿಸಿಕೊಳ್ಳಬೇಕು?

ಓಪನ್ ಸೋರ್ಸ್ ತಂತ್ರಾಂಶಗಳಿಗೆ ಸ್ವಯಂಸೇವಕರಾಗಿ ಡಾಕ್ಯುಮೆಂಟೇಶನ್ (ಬಳಸುವ ಬಗೆ ತಿಳಿಸುವ ಕೈಪಿಡಿ, ಸಹಾಯ ಪುಟಗಳು) ಬರೆಯಬೇಕೆಂದು ಹೊರಟವರಿಗೆ ಕೆಲಸದ ಕೊರತೆ ಎಂದೂ ಕಾಡುವುದಿಲ್ಲ. ತಂತ್ರಾಂಶಗಳ ಮೂಲಸಂಕೇತವನ್ನು ಇಟ್ಟು ಹಲವರು ಸೇರಿ ತಿದ್ದುವ ತಾಣವಾದ ಗಿಟ್‌ಹಬ್ 2017ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ 93ರಷ್ಟು ಮಂದಿ ಅರೆಬರೆಯಾದ ಅಥವಾ ಹಳತಾದ ಡಾಕ್ಯುಮೆಂಟೇಶನ್‌ನ ತೊಂದರೆಯನ್ನು ಕಂಡಿದ್ದಾಗಿ ಹೇಳಿದ್ದರು. ಅದೇ ಸಮೀಕ್ಷೆಯಲ್ಲಿ, ಯೋಜನೆಗಳಿಗೆ ಕೊಡುಗೆ ನೀಡುವವರ ಪೈಕಿ ಶೇ 60ರಷ್ಟು ಮಂದಿ ತಾವು ಡಾಕ್ಯುಮೆಂಟೇಶನ್‌ಗೆ ಕೈಹಾಕುವುದು ಅಪರೂಪ ಅಥವಾ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡಿದ್ದರು. ಎತ್ತ ತಿರುಗಿದರೂ ಕೆಲಸ ಬಿದ್ದಿದೆ ಎಂದಾಯಿತು. ತೊಡಕಿರುವುದು ಎಲ್ಲಿಂದ ಆರಂಭಿಸಬೇಕೆಂಬ ಆಯ್ಕೆಯಲ್ಲಿ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್‌ನ ಸಹಾಯ ಪುಟಗಳು, ವೆಬ್ ತಂತ್ರಜ್ಞಾನವನ್ನು ವಿವರಿಸುವ ತಾಣ ಎಂಡಿಎನ್, ಹಲವು ಸರ್ವರ್‌ಗಳಲ್ಲಿ ತಂತ್ರಾಂಶಗಳನ್ನು ನಡೆಸಿ ನಿಭಾಯಿಸುವ ಕುಬರ್ನೆಟಿಸ್, ಪ್ರೋಗ್ರಾಮಿಂಗ್ ಭಾಷೆ ಪೈಥಾನ್, ಒಬ್ಬಿಬ್ಬರು ನಡೆಸುವ ಚಿಕ್ಕ ಲೈಬ್ರರಿಗಳು (ಬೇರೆ ತಂತ್ರಾಂಶಗಳಲ್ಲಿ ಬಳಸುವ ಸಿದ್ಧ ಕೋಡ್) ಮತ್ತು ಕನ್ನಡದಲ್ಲಿಯೇ ಬರೆಯುವ ದಾರಿಗಳು, ಇವುಗಳನ್ನು ಹೊಸಬರ ಕಣ್ಣಿನಿಂದ ಅಕ್ಕಪಕ್ಕ ಇಟ್ಟು ನೋಡುವುದು ಈ ಬರಹದ ಉದ್ದೇಶ.

ಮೊದಲು ನೋಡಬೇಕಾದದ್ದು

ಹೆಚ್ಚಿನವರು ಯೋಜನೆಯ ಹೆಸರು ನೋಡಿ ಆರಿಸಿಕೊಳ್ಳುತ್ತಾರೆ. ಕೆಲಸಕ್ಕೆ ಅರ್ಜಿ ಹಾಕುವಾಗ ದೊಡ್ಡ ಹೆಸರೊಂದು ಜೊತೆಗಿದ್ದರೆ ಅನುಕೂಲವೆಂಬ ಲೆಕ್ಕಾಚಾರ ತಪ್ಪೇನಲ್ಲ. ಆದರೆ ಹೆಸರಿನ ಬೆನ್ನುಹತ್ತಿ ಹೋದವರು ಒಂದೆರಡು ತಿದ್ದುಪಡಿಗಳಾಚೆ ಮುಂದುವರಿಯುವುದು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮೊದಲು ವಿಚಾರಿಸಬೇಕಾದ ಸಂಗತಿ ಒಂದೇ: ನೀವು ಬರೆದದ್ದನ್ನು ಅಲ್ಲಿ ಯಾರು ಓದಿ ತಿದ್ದುತ್ತಾರೆ, ಮತ್ತು ತಿದ್ದುವಾಗ ಕಾರಣ ಹೇಳುತ್ತಾರೆಯೇ? ಸಂಬಳವಿಲ್ಲದ ಈ ಕೆಲಸದಲ್ಲಿ ಕಲಿಕೆಯೇ ಸಂಬಳ, ಮತ್ತು ಆ ಕಲಿಕೆ ಬಹುಪಾಲು ಪರಿಶೀಲಕರ ಟಿಪ್ಪಣಿಗಳಿಂದಲೇ ಬರುತ್ತದೆ. ಬರೆದದ್ದು ಯಾರ ಕಣ್ಣಿಗೂ ಬೀಳದೆ ತಿಂಗಳುಗಟ್ಟಲೆ ಕೊಳೆತರೆ ಎಷ್ಟು ದೊಡ್ಡ ಯೋಜನೆಯಾದರೂ ನಿಮಗೆ ಕೊಡುವುದು ಏನೂ ಇಲ್ಲ.

ಇದನ್ನು ಮುಂಚೆಯೇ ತಿಳಿದುಕೊಳ್ಳಲು ಸಾಧ್ಯವಿದೆ. ಗಿಟ್‌ಹಬ್‌ನಲ್ಲಿರುವ ಯಾವುದೇ ಯೋಜನೆಯಲ್ಲಿ ಮುಗಿದುಹೋದ ಪುಲ್ ರಿಕ್ವೆಸ್ಟ್‌ಗಳ (ನನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಗಳ) ಪಟ್ಟಿಯನ್ನು ತೆರೆದು, ಡಾಕ್ಯುಮೆಂಟೇಶನ್‌ಗೆ ಸಂಬಂಧಿಸಿದ ಇತ್ತೀಚಿನ ಹತ್ತು ಹದಿನೈದನ್ನು ಓದಿ ನೋಡಿ. ಮೊದಲ ಉತ್ತರ ಎಷ್ಟು ದಿನಕ್ಕೆ ಬಂದಿದೆ, ಉತ್ತರಿಸಿದವರು ಒಬ್ಬರೇ ಅಥವಾ ಹಲವರೇ, ಹೊಸಬರೊಡನೆ ಅವರ ಮಾತಿನ ಧಾಟಿ ಹೇಗಿದೆ, ‘ಇದು ಬೇಡ’ ಎಂದಾಗ ಯಾಕೆ ಬೇಡವೆಂದು ಹೇಳಿದ್ದಾರೆಯೇ, ಇಷ್ಟನ್ನು ಗಮನಿಸಿದರೆ ಆ ಯೋಜನೆಯ ಸ್ವಭಾವ ಸಾಕಷ್ಟು ತಿಳಿಯುತ್ತದೆ. ಸ್ವಾಗತದ ಪುಟದಲ್ಲಿ ಎಲ್ಲರೂ ಹೊಸಬರಿಗೆ ಕೆಂಪು ಹಾಸು ಹಾಸುತ್ತಾರೆ; ಮುಗಿದ ಪುಲ್ ರಿಕ್ವೆಸ್ಟ್‌ಗಳು ಅಂಥ ಉಪಚಾರದ ಮಾತಾಡುವುದಿಲ್ಲ.

ಎರಡನೆಯದಾಗಿ, ಬರೆಯುವ ಸಾಧನ ಯಾವುದೆಂದು ನೋಡಬೇಕು. ಕೆಲವೆಡೆ ವರ್ಡ್ ಪ್ರೊಸೆಸರ್ ಸಾಕು, ಕೆಲವೆಡೆ ವಿಕಿಯ ಗುರುತುಗಳನ್ನು ಕಲಿಯಬೇಕು, ಇನ್ನು ಕೆಲವೆಡೆ ಕಡತಗಳ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ಸಾಧನವಿಲ್ಲದೆ ಒಂದು ಹೆಜ್ಜೆಯೂ ಮುಂದಿಡಲಾಗದು. ಒಂದೇ ವಾರದಲ್ಲಿ ಹೊಸ ತಂತ್ರಾಂಶ, ಗಿಟ್, ಇಂಗ್ಲಿಷಿನ ಶೈಲಿ ನಿಯಮಗಳು ಈ ಮೂರನ್ನೂ ಕಲಿಯಲು ಕೂತವರು ದಣಿದು ಬಿಟ್ಟುಬಿಡುತ್ತಾರೆ. ಮೂರರಲ್ಲಿ ಕನಿಷ್ಠ ಒಂದಾದರೂ ನಿಮಗೆ ಮೊದಲೇ ಗೊತ್ತಿರುವ ಕಡೆಗೆ ಹೋಗುವುದು ಜಾಣತನ.

ಗಿಟ್ ಬಾರದವರಿಗೆ ಲಿಬ್ರೆ ಆಫೀಸ್

ಒರಾಕಲ್ ಕಂಪನಿಯ ಕೈಗೆ ಹೋಗಿದ್ದ ಓಪನ್ ಆಫೀಸ್‌ನಿಂದ 2010ರ ಸೆಪ್ಟೆಂಬರಿನಲ್ಲಿ ಬೇರೆಯಾದ ಲಿಬ್ರೆ ಆಫೀಸ್ ಯೋಜನೆಯನ್ನು ಡಾಕ್ಯುಮೆಂಟ್ ಫೌಂಡೇಶನ್ ನಡೆಸುತ್ತದೆ. ಇದರ ಭಾಗಗಳಾದ ರೈಟರ್ (ವರ್ಡ್ ಪ್ರೊಸೆಸರ್), ಕ್ಯಾಲ್ಕ್, ಇಂಪ್ರೆಸ್, ಡ್ರಾ, ಬೇಸ್, ಮ್ಯಾಥ್ ಇವುಗಳಿಗೆ ಪ್ರತ್ಯೇಕ ಕೈಪಿಡಿಗಳಿವೆ. ಹೊಸಬರಿಗಾಗಿ ಇನ್ನೊಂದು ಕೈಪಿಡಿ ಇದೆ. ಈ ಕೈಪಿಡಿಗಳು ಸಿದ್ಧವಾಗುವುದು ರೈಟರ್‌ನಲ್ಲಿಯೇ. ನಿಗದಿತ ಟೆಂಪ್ಲೇಟ್‌ನ ಶೈಲಿಗಳನ್ನು ಬಳಸಿ ಒಂದೊಂದು ಅಧ್ಯಾಯವನ್ನು ಒಂದೊಂದು ಕಡತವಾಗಿ ಬರೆಯುತ್ತಾರೆ, ಬದಲಾವಣೆಗಳನ್ನು ದಾಖಲಿಸುವ ಸೌಲಭ್ಯವನ್ನು ಚಾಲೂ ಇಟ್ಟುಕೊಂಡು ತಿದ್ದುತ್ತಾರೆ, ಅಂಚಿನಲ್ಲಿ ಟಿಪ್ಪಣಿ ಬರೆದು ಮುಂದಿನವರಿಗೆ ದಾಟಿಸುತ್ತಾರೆ. ಶಾಲಾ ಶಿಕ್ಷಕರು, ಡಿಟಿಪಿ ಮಾಡುವವರು, ಕಚೇರಿಯಲ್ಲಿ ದಿನವಿಡೀ ಕಾಗದಪತ್ರ ಸಿದ್ಧಪಡಿಸುವವರು ಹೊಸ ಸಾಧನವೇನನ್ನೂ ಕಲಿಯದೆ ಇಲ್ಲಿ ಕೆಲಸಕ್ಕೆ ಕೂರಬಹುದು. ಪ್ರೋಗ್ರಾಮಿಂಗ್ ಬಾರದ ಒಬ್ಬರು ನನ್ನನ್ನು ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ತಂತ್ರಾಂಶದ ಹೊಸ ಆವೃತ್ತಿ ವರ್ಷಕ್ಕೆ ಎರಡು ಬಾರಿ ಬರುತ್ತದೆ. 2024ರಿಂದ ಆವೃತ್ತಿಯ ಹೆಸರಿನಲ್ಲಿಯೇ ವರ್ಷ ಮತ್ತು ತಿಂಗಳು ಸೇರಿಕೊಂಡು 24.2 ಎಂಬ ಬಗೆಯ ಸಂಖ್ಯೆಗಳು ಬಂದಿವೆ. ಕೈಪಿಡಿಗಳು ಈ ಓಟದ ಹಿಂದೆ ಸದಾ ಏದುಸಿರು ಬಿಡುತ್ತಿರುತ್ತವೆ. ಹೀಗಾಗಿ ಹೊಸಬರಿಗೆ ಹೊಂದುವ ಕೆಲಸ ಯಾವಾಗಲೂ ಸಿಗುತ್ತದೆ: ಹಳೆಯ ಅಧ್ಯಾಯವೊಂದನ್ನು ತೆಗೆದುಕೊಂಡು, ಹೊಸ ಆವೃತ್ತಿಯನ್ನು ಪಕ್ಕದಲ್ಲಿ ತೆರೆದಿಟ್ಟು, ಪ್ರತಿ ಹಂತವನ್ನೂ ಮಾಡಿ ನೋಡಿ, ಮೆನುವಿನ ಹೆಸರು ಬದಲಾಗಿದ್ದರೆ ತಿದ್ದಿ, ಪರದೆಯ ಚಿತ್ರಗಳನ್ನು ಮತ್ತೆ ತೆಗೆಯುವುದು. ಬೇಸರದ ಕೆಲಸವೆಂದು ಅನ್ನಿಸಬಹುದು, ಆದರೆ ಒಂದು ತಂತ್ರಾಂಶವನ್ನು ಅಂಗುಲ ಅಂಗುಲವಾಗಿ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಿಮ್ಮ ಹೆಸರು ಆ ಅಧ್ಯಾಯದ ಕೊಡುಗೆದಾರರ ಪಟ್ಟಿಯಲ್ಲಿ ಅಚ್ಚಾಗುತ್ತದೆ.

ಕನ್ನಡಿಗರಿಗೆ ಇಲ್ಲೊಂದು ವಿಶೇಷ ಅನುಕೂಲವೂ ಇದೆ. ರೈಟರ್‌ನಲ್ಲಿ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡ, ಹಿಂದಿ, ಅರಬ್ಬಿಯಂಥ ಸಂಕೀರ್ಣ ಲಿಪಿಗಳಿಗೆ ಪ್ರತ್ಯೇಕವಾಗಿ ಇನ್ನೊಂದು ಫಾಂಟ್ ಎಂದು ನಿಗದಿ ಮಾಡುವ ವ್ಯವಸ್ಥೆಯಿದೆ. ಸಂಕೀರ್ಣ ಲಿಪಿಯ ಆಯ್ಕೆಯನ್ನು ಭಾಷಾ ಸೆಟ್ಟಿಂಗ್‌ನಲ್ಲಿ ಸಕ್ರಿಯಗೊಳಿಸದಿದ್ದರೆ ಆ ವಿಭಾಗವೇ ಕಾಣಿಸದೆ ಹೋಗಬಹುದು. ಕನ್ನಡದ ಅಕ್ಷರಗಳ ಗಾತ್ರ ಬದಲಿಸಿದರೂ ಬದಲಾಗುತ್ತಿಲ್ಲವೆಂದು ಗೊಂದಲಗೊಂಡವರಲ್ಲಿ ಹಲವರು ಇಲ್ಲಿಯೇ ಎಡವಿರುತ್ತಾರೆ. ಲ್ಯಾಟಿನ್ ಲಿಪಿಯಲ್ಲಷ್ಟೇ ಬರೆಯುವ ಸ್ವಯಂಸೇವಕರಿಗೆ ಈ ತೊಂದರೆ ಎದುರಾಗುವುದೇ ಇಲ್ಲವಾದ್ದರಿಂದ, ಆ ಭಾಗಗಳನ್ನು ಅನುಭವದಿಂದ ಪರೀಕ್ಷಿಸಿ ತಿದ್ದಬಲ್ಲವರು ನಮ್ಮಂಥವರೇ.

ಕುಂದುಗಳೂ ಇವೆ. ಅಧ್ಯಾಯ ತಿದ್ದಿ ಮುಗಿಸಿದರೂ ಕೈಪಿಡಿ ಪ್ರಕಟವಾಗುವ ತನಕ ಕಾಯಬೇಕಾಗಬಹುದು, ಮತ್ತು ತಂತ್ರಾಂಶ ಉದ್ಯಮದ ನಿತ್ಯದ ಸಾಧನಗಳಾದ ಗಿಟ್ ಮತ್ತು ಸರಳ ಗುರುತುಗಳಿಂದ ಪಠ್ಯಕ್ಕೆ ರೂಪ ಕೊಡುವ ಮಾರ್ಕ್‌ಡೌನ್‌ಗಳ ರೂಢಿ ಇಲ್ಲಿ ಸಿಗುವುದಿಲ್ಲ. ಎಫ್1 ಕೀಲಿ ಒತ್ತಿದಾಗ ತೆರೆದುಕೊಳ್ಳುವ ಸಹಾಯ ಪುಟಗಳ ವ್ಯವಸ್ಥೆ ಬೇರೆಯೇ: ಅವು ಎಕ್ಸ್‌ಎಂಎಲ್ ಕಡತಗಳಾಗಿದ್ದು, ಬದಲಾವಣೆಗಳು ಗೆರಿಟ್ ಎಂಬ ಪರಿಶೀಲನಾ ವ್ಯವಸ್ಥೆಯ ಮೂಲಕ ಹೋಗಬೇಕು. ಅದನ್ನು ಮೊದಲ ಕೆಲಸವಾಗಿ ಯಾರಿಗೂ ಸೂಚಿಸಲಾರೆ.

ಫೈರ್‌ಫಾಕ್ಸ್ ಸಹಾಯ ಪುಟಗಳು

ಗಿಟ್ ಬಾರದವರಿಗೆ ಇನ್ನೊಂದು ದಾರಿ ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲಾದ ಬಳಕೆದಾರ ಸಹಾಯ ತಾಣ. ಖಾತೆ ತೆರೆದು ಲೇಖನವನ್ನು ಬ್ರೌಸರ್‌ನಲ್ಲಿಯೇ ತಿದ್ದಬಹುದು; ಪರಿಶೀಲಕರು ಒಪ್ಪಿದ ಬಳಿಕ ಅದು ಪ್ರಕಟವಾಗುತ್ತದೆ. ಲೇಖನಗಳು ಚಿಕ್ಕವು, ಓದುಗರು ಸಾಮಾನ್ಯ ಜನ. ಒಂದೇ ಲೇಖನದಲ್ಲಿ ವಿಂಡೋಸ್, ಮ್ಯಾಕ್, ಲಿನಕ್ಸ್ ಬಳಕೆದಾರರಿಗೆ ಬೇರೆ ಬೇರೆ ಹಂತಗಳನ್ನು ಬರೆದು, ಓದುಗರ ಯಂತ್ರಕ್ಕೆ ತಕ್ಕ ಭಾಗ ಮಾತ್ರ ಕಾಣುವಂತೆ ಮಾಡುವ ಗುರುತುಗಳಿವೆ. ಒಂದೇ ವಿಷಯವನ್ನು ಹಲವು ಬಗೆಯ ಓದುಗರಿಗೆ ಹೇಳುವುದು ವೃತ್ತಿಪರ ತಾಂತ್ರಿಕ ಬರಹಗಾರರಿಗೂ ಬೇಕಾದ ವಿದ್ಯೆ, ಅದು ಇಲ್ಲಿ ಸಣ್ಣ ಪ್ರಮಾಣದಲ್ಲಿ ಅಭ್ಯಾಸವಾಗುತ್ತದೆ. ಫೈರ್‌ಫಾಕ್ಸ್‌ನ ಹೊಸ ಆವೃತ್ತಿ ನಾಲ್ಕು ವಾರಗಳಿಗೊಮ್ಮೆ ಬರುವುದರಿಂದ ಸಣ್ಣ ಸಣ್ಣ ತಿದ್ದುಪಡಿಗಳ ಹರಿವು ನಿಲ್ಲುವುದಿಲ್ಲ. ವಾರಕ್ಕೆ ಒಂದು ಗಂಟೆ ಮಾತ್ರ ಬಿಡುವಿರುವವರಿಗೆ ಲಿಬ್ರೆ ಆಫೀಸ್‌ನ ಇಡೀ ಅಧ್ಯಾಯಕ್ಕಿಂತ ಇದೇ ಮೇಲು.

ಎಂಡಿಎನ್: ಒಳ್ಳೆಯ ಗುರು, ನಿಷ್ಠುರ ಗುರು

ವೆಬ್ ಪುಟಗಳನ್ನು ಕಟ್ಟಲು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಕಲಿತ ಯಾರಿಗೂ ಎಂಡಿಎನ್ ಪರಿಚಯಿಸಬೇಕಿಲ್ಲ. ಮೊಜಿಲ್ಲಾ 2005ರಲ್ಲಿ ಆರಂಭಿಸಿದ ಈ ತಾಣ ದೀರ್ಘಕಾಲ ವಿಕಿಯಾಗಿತ್ತು. ಯಾರು ಬೇಕಾದರೂ ತಿದ್ದಿ ಉಳಿಸಿದರೆ ಸಾಕು, ತಿದ್ದುಪಡಿ ಆಗಲೇ ಕಾಣಿಸುತ್ತಿತ್ತು. 2020ರ ಆಗಸ್ಟ್‌ನಲ್ಲಿ ಮೊಜಿಲ್ಲಾ ಸುಮಾರು 250 ಉದ್ಯೋಗಿಗಳನ್ನು ಕೈಬಿಟ್ಟಾಗ ಎಂಡಿಎನ್‌ನ ಬರಹಗಾರರ ತಂಡಕ್ಕೂ ಪೆಟ್ಟು ಬಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ತಾಣದ ಬರಹಗಳೆಲ್ಲ ಗಿಟ್‌ಹಬ್‌ಗೆ ಹೋದವು, ಆಮೇಲೆ ಎಚ್‌ಟಿಎಂಎಲ್‌ನಿಂದ ಮಾರ್ಕ್‌ಡೌನ್‌ಗೆ ಬದಲಾದವು. 2021ರ ಜನವರಿಯಲ್ಲಿ ಓಪನ್ ವೆಬ್ ಡಾಕ್ಸ್ ಎಂಬ ಸಂಸ್ಥೆ ಹುಟ್ಟಿಕೊಂಡು, ಹಲವು ಕಂಪನಿಗಳ ನೆರವಿನಿಂದ ಬರಹಗಾರರಿಗೆ ಸಂಬಳ ಕೊಟ್ಟು ಈ ಕೆಲಸವನ್ನು ಮುಂದುವರಿಸಿತು.

ಈ ಇತಿಹಾಸವನ್ನು ಹೇಳುವುದಕ್ಕೆ ಕಾರಣವಿದೆ. ವಿಕಿಯಾಗಿದ್ದಾಗ ಹೊಸಬರಿಗೆ ಒಳಗೆ ಬರುವುದು ಸುಲಭವಿತ್ತು, ಆದರೆ ತಿದ್ದಿ ಹೇಳುವವರು ಸಿಗುತ್ತಾರೆಂಬ ಖಾತರಿ ಇರಲಿಲ್ಲ. ಈಗ ಪ್ರತಿ ಬದಲಾವಣೆಯೂ ಪುಲ್ ರಿಕ್ವೆಸ್ಟ್ ಆಗಿ ಬಂದು ಯಾರಾದರೊಬ್ಬರು ಓದಿದ ಮೇಲೆಯೇ ಸೇರುತ್ತದೆ, ಮತ್ತು ಓದುವವರಲ್ಲಿ ಬರಹವೇ ವೃತ್ತಿಯಾದವರೂ ಇದ್ದಾರೆ. ಬಾಗಿಲು ಕಿರಿದಾಯಿತು, ಪಾಠ ಗಟ್ಟಿಯಾಯಿತು. ಇಂಗ್ಲಿಷ್ ತಾಂತ್ರಿಕ ಬರಹವನ್ನು ಶಿಸ್ತಿನಿಂದ ಕಲಿಯಬೇಕೆನ್ನುವವರಿಗೆ ಈ ಪಟ್ಟಿಯಲ್ಲಿ ಇದಕ್ಕಿಂತ ಉತ್ತಮವಾದದ್ದು ನನಗೆ ಕಾಣುತ್ತಿಲ್ಲ. ಒಂದು ಪುಟವನ್ನು ತಿದ್ದಲು ಗಿಟ್‌ನ ಎಲ್ಲ ಆಜ್ಞೆಗಳು ಬರಬೇಕೆಂದೇನೂ ಇಲ್ಲ: ಪ್ರತಿ ಪುಟದ ಕೊನೆಯಲ್ಲಿ ಅದರ ಮೂಲ ಕಡತಕ್ಕೆ ಕೊಂಡಿಯಿದೆ, ಗಿಟ್‌ಹಬ್‌ನಲ್ಲಿ ಬ್ರೌಸರ್‌ನಿಂದಲೇ ತಿದ್ದಿ ಕಳುಹಿಸಬಹುದು.

ಆದರೆ ಇಲ್ಲಿ ‘ನನಗೆ ಹೀಗೆ ಅನ್ನಿಸಿತು’ ಎಂಬುದಕ್ಕೆ ಬೆಲೆಯಿಲ್ಲ. ಒಂದು ಸಿಎಸ್‌ಎಸ್ ಗುಣ ಹೀಗೆ ವರ್ತಿಸುತ್ತದೆ ಎಂದು ಬರೆದರೆ ಅದು ವೆಬ್ ಮಾನದಂಡಕ್ಕೆ ಸರಿಹೊಂದಬೇಕು, ಬ್ರೌಸರ್‌ಗಳಲ್ಲಿ ನೀವೇ ಪರೀಕ್ಷಿಸಿರಬೇಕು. ಹೊಸಬರನ್ನು ಗಲಿಬಿಲಿಗೊಳಿಸುವ ಇನ್ನೊಂದು ಸಂಗತಿಯಿದೆ: ಯಾವ ಬ್ರೌಸರ್‌ನ ಯಾವ ಆವೃತ್ತಿಯಲ್ಲಿ ಏನು ಕೆಲಸ ಮಾಡುತ್ತದೆ ಎಂದು ಪುಟದ ಕೆಳಗೆ ತೋರಿಸುವ ಕೋಷ್ಟಕ ಆ ಪುಟದ ಕಡತದಲ್ಲಿ ಇರುವುದಿಲ್ಲ, ಅದು ಬೇರೊಂದು ಕಡತ ಭಂಡಾರದಲ್ಲಿ ಜೇಸನ್ ಎಂಬ ರೂಪದ ದತ್ತಾಂಶವಾಗಿರುತ್ತದೆ. ವಾಕ್ಯ ಬರೆಯುವುದಕ್ಕಿಂತ ಪರೀಕ್ಷೆ ಮಾಡುವುದನ್ನು ಇಷ್ಟಪಡುವವರಿಗೆ ಆ ದತ್ತಾಂಶವನ್ನು ತಿದ್ದುವ ಕೆಲಸ ಹೆಚ್ಚು ಒಪ್ಪಬಹುದು.

ಕುಬರ್ನೆಟಿಸ್ ಮತ್ತು ಪೈಥಾನ್

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಸರ್ವರ್‌ಗಳ ಕೆಲಸ ಮಾಡುವವರಿಗೆ ಕುಬರ್ನೆಟಿಸ್ ದಿನನಿತ್ಯದ ಸಂಗತಿಯಾದ್ದರಿಂದ ಹಲವರ ಮೊದಲ ಆಯ್ಕೆ ಅದೇ ಆಗಿರುತ್ತದೆ. ಅಲ್ಲಿ ಡಾಕ್ಯುಮೆಂಟೇಶನ್‌ಗೆಂದೇ ಪ್ರತ್ಯೇಕ ಗುಂಪಿದೆ, ಹೊಸಬರಿಗೆ ತಕ್ಕ ಕೆಲಸಗಳಿಗೆ ಗುರುತು ಹಾಕಿಡುತ್ತಾರೆ, ಬರಹ ಮಾರ್ಕ್‌ಡೌನ್‌ನಲ್ಲಿರುತ್ತದೆ, ನೀವು ಪುಲ್ ರಿಕ್ವೆಸ್ಟ್ ಕಳುಹಿಸಿದ ಕೂಡಲೇ ಬದಲಾದ ಪುಟ ತಾಣದಲ್ಲಿ ಹೇಗೆ ಕಾಣುತ್ತದೆಂಬ ಮುನ್ನೋಟವೂ ಸಿಗುತ್ತದೆ. ಬಳಿಕ ಒಬ್ಬ ಪರಿಶೀಲಕರು ಚೆನ್ನಾಗಿದೆ ಎನ್ನಬೇಕು, ಅಧಿಕಾರವಿರುವ ಇನ್ನೊಬ್ಬರು ಒಪ್ಪಿಗೆ ಕೊಡಬೇಕು, ಆಗ ಬಾಟ್ ಎಂಬ ಸ್ವಯಂಚಾಲಿತ ತಂತ್ರಾಂಶ ಅದನ್ನು ಸೇರಿಸುತ್ತದೆ. ಬಾಟ್ ಅಂಟಿಸುವ ಹತ್ತಾರು ಲೇಬಲ್‌ಗಳನ್ನು ಕಂಡು ಮೊದಲ ಸಲ ಗಾಬರಿಯಾಗುವುದು ಸಹಜ. ಸರ್ಕಾರಿ ಕಚೇರಿಯಲ್ಲಿ ಕಡತ ಮೇಜಿನಿಂದ ಮೇಜಿಗೆ ಹೋಗುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ, ವ್ಯತ್ಯಾಸವೆಂದರೆ ಇಲ್ಲಿ ಕಡತ ಯಾರ ಮೇಜಿನ ಮೇಲಿದೆಯೆಂದು ಎಲ್ಲರಿಗೂ ಕಾಣುತ್ತದೆ.

ಇಲ್ಲಿಯ ಶೈಲಿ ಕೈಪಿಡಿಯನ್ನು ಕೊಡುಗೆ ನೀಡದವರೂ ಒಮ್ಮೆ ಓದಬೇಕು. ವರ್ತಮಾನ ಕಾಲ ಬಳಸಿ, ಓದುಗರನ್ನು ನೇರವಾಗಿ ‘ನೀವು’ ಎಂದು ಕರೆಯಿರಿ, ‘ನಾವು’ ಎಂಬುದನ್ನು ಬಿಡಿ, ‘ಸುಲಭವಾಗಿ’, ‘ಸರಳವಾಗಿ’ ಎಂಬಂಥ ಮಾತುಗಳನ್ನು ತೆಗೆಯಿರಿ ಎಂದು ಅದು ಹೇಳುತ್ತದೆ. ಕೊನೆಯದು ಬಹಳ ಬೆಲೆಯುಳ್ಳ ಮಾತು: ಬರೆದವರಿಗೆ ಸುಲಭವಾದದ್ದು ಓದುವವರಿಗೆ ಆಗದಿದ್ದರೆ, ‘ಸುಲಭ’ ಎಂಬ ಪದ ಅವರನ್ನು ಹೀಗಳೆದಂತಾಗುತ್ತದೆ. ವರ್ಷಕ್ಕೆ ಮೂರು ಆವೃತ್ತಿಗಳು ಬರುವುದರಿಂದ ಪುಟಗಳು ಬೇಗ ಹಳತಾಗುತ್ತವೆ. ಪುಟದಲ್ಲಿರುವ ಆಜ್ಞೆಗಳನ್ನು ನಡೆಸಿ ನೋಡಲು ಮಿನಿಕ್ಯೂಬ್‌ನಂಥ ಸಾಧನದ ನೆರವಿನಿಂದ ಲ್ಯಾಪ್‌ಟಾಪ್‌ನಲ್ಲಿಯೇ ಕುಬರ್ನೆಟಿಸ್ ನಡೆಯುವ ಕ್ಲಸ್ಟರ್ ಒಂದನ್ನು ಎಬ್ಬಿಸಬಹುದು. ಕುಬರ್ನೆಟಿಸ್ ಏನೆಂದೇ ಗೊತ್ತಿಲ್ಲದೆ ಹೆಸರಿಗಾಗಿ ಮಾತ್ರ ಬರುವವರಿಗೆ ಈ ಜಾಗ ಸಲ್ಲದು. ನಡೆಸಿ ನೋಡದೆ ತಿದ್ದಿದ ವಾಕ್ಯ ಪರಿಶೀಲಕರ ಕೈಗೆ ಸಿಕ್ಕಿಬೀಳುತ್ತದೆ.

ಪೈಥಾನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಡಾಕ್ಯುಮೆಂಟೇಶನ್ ಭಾಷೆಯ ಮೂಲಸಂಕೇತದ ಜೊತೆಯಲ್ಲಿಯೇ ಇದೆ, ಬರೆಯುವುದು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಗುರುತುಗಳ ಪದ್ಧತಿಯಲ್ಲಿ, ಪುಟಗಳನ್ನು ಕಟ್ಟುವುದು ಸ್ಫಿಂಕ್ಸ್ ಎಂಬ ಸಾಧನ. ಮಾರ್ಕ್‌ಡೌನ್ ಬಲ್ಲವರಿಗೂ ಇದು ಸ್ವಲ್ಪ ಕಿರಿಕಿರಿ. ಒಂದು ಖಾಲಿ ಸಾಲು ತಪ್ಪಿದರೂ ಪುಟ ಕೆಡುತ್ತದೆ. ಆದರೆ ಸ್ಫಿಂಕ್ಸ್ ಒಮ್ಮೆ ಬಂದರೆ ಜಾಂಗೋ, ಬ್ಲೆಂಡರ್ ಕೈಪಿಡಿ ಮತ್ತು ಲೆಕ್ಕವಿಲ್ಲದಷ್ಟು ವೈಜ್ಞಾನಿಕ ಲೈಬ್ರರಿಗಳ ಬಾಗಿಲು ತೆರೆಯುತ್ತದೆ. ಬಹಳ ಓದಲ್ಪಡುವ ಪುಟಗಳಲ್ಲಿ ಪ್ರತಿ ಪದದ ಮೇಲೂ ಚರ್ಚೆ ನಡೆಯುತ್ತದೆಂಬುದನ್ನು ನೆನಪಿನಲ್ಲಿಟ್ಟುಕೊಂಡು, ಮೂಲೆಯಲ್ಲಿ ಬಿದ್ದಿರುವ ಮಾಡ್ಯೂಲ್‌ವೊಂದರಿಂದ ಆರಂಭಿಸುವುದು ಒಳ್ಳೆಯದು.

ಚಿಕ್ಕ ಯೋಜನೆಗಳು

ನಿಮ್ಮ ಬರಹದಿಂದ ಅತಿ ಹೆಚ್ಚು ಉಪಯೋಗವಾಗುವುದು ಚಿಕ್ಕ ಯೋಜನೆಗೇ. ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ನಡೆಸುವ ಲೈಬ್ರರಿಯಲ್ಲಿ ಅನೇಕ ವೇಳೆ ಯೋಜನೆಯನ್ನು ಪರಿಚಯಿಸುವ ಒಂದು ರೀಡ್‌ಮಿ ಕಡತ ಬಿಟ್ಟರೆ ಬೇರೇನೂ ಇರುವುದಿಲ್ಲ. ಅಲ್ಲಿ ಮೊದಲ ಪಾಠದ ಪುಟವೊಂದನ್ನು ಬರೆದುಕೊಟ್ಟರೆ ಯೋಜನೆಯ ಮುಖವೇ ಬದಲಾಗುತ್ತದೆ. ಆದರೆ ಮೇಲೆ ಹೇಳಿದ ಮಾನದಂಡದಿಂದ ನೋಡಿದರೆ ಅಪಾಯವೂ ಇಲ್ಲೇ ಹೆಚ್ಚು: ಶೈಲಿಯ ನಿಯಮಗಳಿಲ್ಲ, ತಿದ್ದುವವರಿಗೆ ಕೋಡ್ ಗೊತ್ತೇ ಹೊರತು ಬರಹದ ಬಗ್ಗೆ ಹೇಳಲು ಹೆಚ್ಚೇನೂ ಇರುವುದಿಲ್ಲ, ಉತ್ತರ ಅದೇ ದಿನ ಬರಬಹುದು ಅಥವಾ ಬಾರದೆಯೂ ಇರಬಹುದು. ಆದ್ದರಿಂದ ಬರೆಯುವ ಮುನ್ನವೇ ‘ಈ ಭಾಗ ನನಗೆ ಅರ್ಥವಾಗಲಿಲ್ಲ, ಹೀಗೆ ವಿವರಿಸಿದರೆ ಸರಿಯೇ?’ ಎಂದು ಇಶ್ಯೂ (ಪ್ರಶ್ನೆ, ದೂರುಗಳ ಚರ್ಚಾ ಪುಟ) ತೆರೆದು ಕೇಳುವುದು ಲೇಸು. ಅದಕ್ಕೇ ಉತ್ತರ ಬಾರದಿದ್ದರೆ ನಾಲ್ಕು ಪುಟ ಬರೆಯುವ ಶ್ರಮ ಉಳಿಯಿತು.

ಮಾರ್ಗದರ್ಶನ ಕೊಡುವವರಿಲ್ಲದ ಕಡೆ ಡಯಾಟಾಕ್ಸಿಸ್ ಎಂಬ ವಿಂಗಡಣೆ ನೆರವಿಗೆ ಬರುತ್ತದೆ. ಕಲಿಸುವ ಪಾಠ, ನಿರ್ದಿಷ್ಟ ಕೆಲಸ ಮಾಡಿಸುವ ಸೂಚನೆ, ನೋಡಿ ತಿಳಿಯುವ ಪರಾಮರ್ಶನ ವಿವರ, ಹಿನ್ನೆಲೆ ತಿಳಿಸುವ ವಿವರಣೆ ಎಂದು ಅದು ಡಾಕ್ಯುಮೆಂಟೇಶನ್ ಅನ್ನು ನಾಲ್ಕು ಬಗೆಯಾಗಿ ನೋಡುತ್ತದೆ. ಚಿಕ್ಕ ಯೋಜನೆಗಳ ರೀಡ್‌ಮಿಯಲ್ಲಿ ಈ ನಾಲ್ಕೂ ಕಲಸುಮೇಲೋಗರವಾಗಿರುತ್ತವೆ. ಅವನ್ನು ಬೇರ್ಪಡಿಸುವುದೇ ಒಂದು ಒಳ್ಳೆಯ ಮೊದಲ ಕೆಲಸ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಈ ವಿಷಯದಲ್ಲಿ ನಮ್ಮ ದೇಶದ ಹೆಸರು ಅಷ್ಟೇನೂ ಚೆನ್ನಾಗಿಲ್ಲ. ಅಕ್ಟೋಬರ್ ತಿಂಗಳಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕೊಡುಗೆ ಅಭಿಯಾನದಲ್ಲಿ ಇಷ್ಟು ಪುಲ್ ರಿಕ್ವೆಸ್ಟ್ ಕಳುಹಿಸಿದವರಿಗೆ ಟೀ ಶರ್ಟ್ ಕೊಡುವ ಪದ್ಧತಿಯಿತ್ತು; 2020ರಲ್ಲಿ ರೀಡ್‌ಮಿಗೆ ಒಂದೆರಡು ಅರ್ಥವಿಲ್ಲದ ಪದ ಸೇರಿಸಿ ಕಳುಹಿಸಿದವರ ಹಾವಳಿ ಎಷ್ಟಾಯಿತೆಂದರೆ, ಒಪ್ಪಿಗೆ ಸೂಚಿಸಿದ ಯೋಜನೆಗಳಿಗೆ ಮಾತ್ರ ಅದು ಅನ್ವಯಿಸುವಂತೆ ನಿಯಮವನ್ನೇ ಬದಲಿಸಬೇಕಾಯಿತು. 2024ರ ಆರಂಭದಲ್ಲಿ, ವಿಡಿಯೊ ಪಾಠವೊಂದನ್ನು ನೋಡಿದವರು ಎಕ್ಸ್‌ಪ್ರೆಸ್ ಎಂಬ ಜನಪ್ರಿಯ ಲೈಬ್ರರಿಯ ರೀಡ್‌ಮಿಗೆ ತಮ್ಮ ಹೆಸರು ಸೇರಿಸುವ ಪುಲ್ ರಿಕ್ವೆಸ್ಟ್‌ಗಳನ್ನು ಮಳೆಗರೆದರು. ಓದುತ್ತಾ ಹೋದಾಗ ಕಂಡ ಕಾಗುಣಿತದ ತಪ್ಪನ್ನು ತಿದ್ದುವುದು ಒಳ್ಳೆಯ ಆರಂಭವೇ. ತಿದ್ದುವುದಕ್ಕೆಂದೇ ತಪ್ಪು ಹುಡುಕುತ್ತ ಹೊರಡುವುದು ಬೇರೆಯವರ ಸಮಯವನ್ನು ಕದಿಯುವ ಕೆಲಸ.

ಸಹಿ, ಪರವಾನಗಿ, ಯಂತ್ರದ ಬರಹ

ಕುಬರ್ನೆಟಿಸ್ ಮತ್ತು ಪೈಥಾನ್ ಎರಡರಲ್ಲಿಯೂ ಮೊದಲ ಪುಲ್ ರಿಕ್ವೆಸ್ಟ್‌ನ ವೇಳೆಗೆ ಬರೆದದ್ದನ್ನು ಬಳಸಲು ಅನುಮತಿ ಕೊಡುವ ಕೊಡುಗೆದಾರರ ಒಪ್ಪಂದಕ್ಕೆ ಆನ್‌ಲೈನ್‌ನಲ್ಲಿ ಸಹಿ ಹಾಕಬೇಕು. ತಂತ್ರಾಂಶ ಕಂಪನಿಗಳಲ್ಲಿ ಕೆಲಸ ಮಾಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಿಡುವಿನಲ್ಲಿ ಬರೆದದ್ದರ ಮೇಲೂ ಕಂಪನಿಗೆ ಹಕ್ಕಿದೆ ಎನ್ನುವ ಷರತ್ತು ಕೆಲವು ನೇಮಕಾತಿ ಪತ್ರಗಳಲ್ಲಿರುತ್ತದೆ. ಹಾಗಿದ್ದರೆ ಮ್ಯಾನೇಜರ್‌ರಿಂದ ಲಿಖಿತ ಒಪ್ಪಿಗೆ ಪಡೆದ ಮೇಲೆಯೇ ಸಹಿ ಹಾಕುವುದು ಸರಿ. ಕುಬರ್ನೆಟಿಸ್‌ನಲ್ಲಿ ಕಂಪನಿಯ ಪರವಾಗಿ ಮಾಡುವ ಒಪ್ಪಂದವೂ ಇದೆ.

ಪರವಾನಗಿಗಳು ಒಂದೊಂದು ಕಡೆ ಒಂದೊಂದು. ಎಂಡಿಎನ್ ಬರಹಗಳಿಗೆ ಕ್ರಿಯೇಟಿವ್ ಕಾಮನ್ಸ್‌ನ ಹೆಸರು ಉಲ್ಲೇಖಿಸಿ ಅದೇ ಷರತ್ತಿನಲ್ಲಿ ಹಂಚಬೇಕೆನ್ನುವ ಪರವಾನಗಿಯ 2.5ನೇ ಆವೃತ್ತಿಯಿದೆ, ಕುಬರ್ನೆಟಿಸ್‌ನಲ್ಲಿ ಹೆಸರು ಉಲ್ಲೇಖಿಸಿದರೆ ಸಾಕೆನ್ನುವ 4.0 ಪರವಾನಗಿಯಿದೆ, ಲಿಬ್ರೆ ಆಫೀಸ್ ಕೈಪಿಡಿಗಳನ್ನು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ 3ನೇ ಆವೃತ್ತಿ ಅಥವಾ ಅದೇ 4.0 ಪರವಾನಗಿಯಲ್ಲಿ ಬಳಸಬಹುದು. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದ ಸಹಾಯ ಪುಟಗಳನ್ನು ಮಾತ್ರ ಯಾವ ಷರತ್ತೂ ಇಲ್ಲದೆ ಸಾರ್ವಜನಿಕ ಸ್ವತ್ತಾಗಿ ಬಿಡಲಾಗಿದೆ, ಯಾರ ವಿಕಿಯಲ್ಲಿ ಬೇಕಾದರೂ ಅವನ್ನು ಹಾಗೆಯೇ ಇಟ್ಟುಕೊಳ್ಳಲಿ ಎಂಬ ಕಾರಣಕ್ಕೆ. ಆದ್ದರಿಂದ ಒಂದು ಕಡೆಯ ಒಳ್ಳೆಯ ಪ್ಯಾರಾವನ್ನು ಇನ್ನೊಂದು ಕಡೆಗೆ ಪರವಾನಗಿ ನೋಡದೆ ನಕಲು ಮಾಡುವಂತಿಲ್ಲ. ವಿಕಿಪೀಡಿಯದಿಂದ ಎತ್ತಿ ಮೀಡಿಯಾವಿಕಿಯ ಸಹಾಯ ಪುಟಕ್ಕೆ ಹಾಕಿದರೂ ಅದು ಪರವಾನಗಿಯ ಉಲ್ಲಂಘನೆಯೇ.

ಚಾಟ್‌ಬಾಟ್‌ಗಳಿಂದ ಬರೆಸಿದ ಪಠ್ಯದ ಬಗ್ಗೆಯೂ ನಿಯಮ ನೋಡಿಕೊಳ್ಳಿ. ಜೆಂಟೂ ಲಿನಕ್ಸ್ ಎಂಬ ಯೋಜನೆ 2024ರ ಏಪ್ರಿಲ್‌ನಲ್ಲಿ ಅಂಥ ಕೊಡುಗೆಗಳನ್ನು ಪೂರ್ಣವಾಗಿ ನಿಷೇಧಿಸಿತು. ನಿಷೇಧವಿಲ್ಲದ ಕಡೆಯೂ, ನೀವು ಮಾಡಿ ನೋಡದ ಹಂತಗಳನ್ನು ಯಂತ್ರದಿಂದ ಬರೆಸಿ ಕಳುಹಿಸಿದರೆ ಪರೀಕ್ಷಿಸುವ ಹೊರೆ ಪರಿಶೀಲಕರ ತಲೆಗೆ ಬೀಳುತ್ತದೆ.

ಕನ್ನಡದಲ್ಲಿ ಬರೆಯುವುದಾದರೆ

ಇಂಗ್ಲಿಷಿನಲ್ಲಿ ಬರೆಯುವುದು ಒಂದೇ ದಾರಿಯಲ್ಲ, ಆದರೆ ಎಲ್ಲ ಯೋಜನೆಗಳೂ ಕನ್ನಡಕ್ಕೆ ಸಮನಾಗಿ ತೆರೆದಿಲ್ಲ. ಪೈಥಾನ್‌ನ ಅಧಿಕೃತ ತಾಣದಲ್ಲಿ ಹೊಸ ಭಾಷೆಯೊಂದು ಆಯ್ಕೆಪಟ್ಟಿಯಲ್ಲಿ ಕಾಣಿಸಿಕೊಳ್ಳಬೇಕಾದರೆ ಇಡೀ ಟ್ಯುಟೋರಿಯಲ್ ಹಾಗೂ ಅಂತರ್ಗತ ಫಂಕ್ಷನ್‌ಗಳ ಪುಟ ಪೂರ್ತಿ ಅನುವಾದವಾಗಿರಬೇಕು. ಒಬ್ಬರೇ ಹೊರುವ ಭಾರ ಇದಲ್ಲ. ಕುಬರ್ನೆಟಿಸ್‌ನಲ್ಲಿ ಭಾರತೀಯ ಭಾಷೆಗಳ ಪೈಕಿ ಹಿಂದಿ ಮತ್ತು ಬಂಗಾಳಿ ತಂಡಗಳು ಕೆಲಸ ಮಾಡಿವೆ. ಬಿಡಿ ಬಿಡಿಯಾಗಿ ಮಾಡಬಹುದಾದ ಕೆಲಸವೆಂದರೆ ಲಿಬ್ರೆ ಆಫೀಸ್‌ನ ಮೆನು ಮತ್ತು ಸಹಾಯ ಪಠ್ಯವನ್ನು ವೆಬ್ಲೇಟ್ ಎಂಬ ಅನುವಾದ ವ್ಯವಸ್ಥೆಯಲ್ಲಿ ಅನುವಾದಿಸುವುದು, ಅಥವಾ ಮೀಡಿಯಾವಿಕಿಯ ಸಹಾಯ ಪುಟಗಳನ್ನು ಅದರ ಅನುವಾದ ಸೌಲಭ್ಯದಲ್ಲಿ ಪ್ಯಾರಾ ಪ್ಯಾರಾ ಆಗಿ ಕನ್ನಡಕ್ಕೆ ತರುವುದು. ಎರಡರಲ್ಲಿ ನನ್ನ ಒಲವು ಎರಡನೆಯದರ ಕಡೆಗೆ, ಏಕೆಂದರೆ ಮೆನುವಿನ ತುಣುಕು ಪದಗಳಿಗಿಂತ ಪೂರ್ಣ ಪ್ಯಾರಾದಲ್ಲಿ ಬರಹಗಾರರಿಗೆ ಕೈಯಾಡಿಸಲು ಜಾಗ ಹೆಚ್ಚು; ಅದನ್ನು ಓದುವ ಕನ್ನಡ ವಿಕಿಪೀಡಿಯದ ಸಂಪಾದಕರು ಕಣ್ಣೆದುರಿಗೇ ಇದ್ದಾರೆ.

ಅನುವಾದವಲ್ಲದೆ ನೇರವಾಗಿ ಕನ್ನಡದಲ್ಲಿ ಕಲಿಸುವ ಸಾಮಗ್ರಿಯೂ ಬೇಕಾಗಿದೆ. ಐಟಿ ಫಾರ್ ಚೇಂಜ್ ಸಂಸ್ಥೆ ಮತ್ತು ರಾಜ್ಯದ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಕೈಜೋಡಿಸಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿಯಲ್ಲಿ ಶಿಕ್ಷಕರಿಗಾಗಿ ಮುಕ್ತ ತಂತ್ರಾಂಶಗಳ ಪರಿಚಯ ಕನ್ನಡದಲ್ಲಿದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್, ಲಿಬ್ರೆ ಆಫೀಸ್ ಮೊದಲಾದವುಗಳ ಕಿರು ಪಾಠಗಳು ಕನ್ನಡ ಧ್ವನಿಯಲ್ಲಿ ಸಿಗುತ್ತವೆ. ಅಲ್ಲಿ ಪಾಠದ ಪಠ್ಯವನ್ನು ಆ ವಿಷಯ ತಿಳಿಯದ ಒಬ್ಬರ ಕೈಗೆ ಕೊಟ್ಟು ಮಾಡಿಸಿ ನೋಡುವ ಹಂತವೊಂದಿದೆ. ಡಾಕ್ಯುಮೆಂಟೇಶನ್ ಬರೆಯುವ ಯಾರಾದರೂ ಅನುಸರಿಸಬಹುದಾದ ಪದ್ಧತಿ ಅದು.

ಕನ್ನಡದಲ್ಲಿ ಕೊರತೆಯಿರುವುದು ತಿದ್ದುವವರದು. ನೀವು ಅನುವಾದಿಸಿದ ಪುಟವನ್ನು ಇನ್ನೊಬ್ಬ ಕನ್ನಡ ಬಲ್ಲ ಪರಿಶೀಲಕರು ಓದುತ್ತಾರೆಂಬ ಭರವಸೆ ಹೆಚ್ಚಿನ ಯೋಜನೆಗಳಲ್ಲಿ ಇಲ್ಲ, ಹಾಗಾಗಿ ಇಂಗ್ಲಿಷಿನಲ್ಲಿ ಪರಿಶೀಲಕರನ್ನು ನೋಡಿ ಯೋಜನೆ ಆರಿಸುವಂತೆ, ಇಲ್ಲಿ ಪರಿಶೀಲಕರನ್ನು ಜೊತೆಗೇ ಕರೆದುಕೊಂಡು ಹೋಗಬೇಕಾಗುತ್ತದೆ. ಗೆಳೆಯರೊಬ್ಬರು ಒಪ್ಪಿದರೆ ಆರಂಭಕ್ಕೆ ಲಿನಕ್ಸ್‌ನಲ್ಲಿ ಕನ್ನಡ ಟೈಪಿಸುವುದನ್ನು ಕುರಿತ ಪುಟವನ್ನೇ ತೆಗೆದುಕೊಳ್ಳಬಹುದು. ನುಡಿ ತಂತ್ರಾಂಶದಲ್ಲಿ ಬೆರಳಿಗೆ ರೂಢಿಯಾಗಿರುವ ಕೆಜಿಪಿ ಕೀಲಿಮಣೆ ವಿನ್ಯಾಸ ಎಂ17ಎನ್ ಎಂಬ ಮುಕ್ತ ತಂತ್ರಾಂಶದ ಮೂಲಕ ಲಿನಕ್ಸ್‌ನಲ್ಲಿಯೂ ಸಿಗುತ್ತದೆ, ಆದರೆ ಅದನ್ನು ಆರಿಸಿಕೊಳ್ಳುವ ದಾರಿ ಲಿನಕ್ಸ್‌ನ ಎರಡು ಡೆಸ್ಕ್‌ಟಾಪ್ ವ್ಯವಸ್ಥೆಗಳಾದ ಗ್ನೋಮ್ ಮತ್ತು ಕೆಡಿಇಗಳಲ್ಲಿ ಬೇರೆ ಬೇರೆ. ಒಬ್ಬರು ಗ್ನೋಮ್‌ನ ಹಂತಗಳನ್ನೂ ಇನ್ನೊಬ್ಬರು ಕೆಡಿಇಯ ಹಂತಗಳನ್ನೂ ಬರೆದು, ಕಂಪ್ಯೂಟರ್‌ಗಳನ್ನು ಅದಲುಬದಲು ಮಾಡಿಕೊಂಡು, ಬರೆದದ್ದನ್ನು ಮಾತ್ರ ನೋಡುತ್ತ ‘ಅರ್ಕಾವತ್ತು’ ಟೈಪಿಸುವ ತನಕ ಮುಟ್ಟಲು ಸಾಧ್ಯವೇ ಎಂದು ಪರೀಕ್ಷಿಸಿದರೆ, ಯಾವ ಹಂತ ಬಿಟ್ಟುಹೋಗಿದೆಯೆಂಬುದು ಇಬ್ಬರಿಗೂ ಗೊತ್ತಾಗುತ್ತದೆ.